ಬಿಸಿಯಾದರೆ ಉದ್ದ ಹಿಗ್ಗುತ್ತದೆ, ಕೋನ ಏನಾಗುತ್ತದೆ?

ಫಸ್ಟ್ ಪಿಯು ಫಿಸಿಕ್ಸ್‌ನಲ್ಲಿ ಉಷ್ಣ ವ್ಯಾಕೋಚನ ಸುಲಭದ ಪಾಠ ಅಂತ ಹೆಸರು. ಸೂತ್ರ ಒಂದೇ. ಮೂಲ ಉದ್ದ, ಆಲ್ಫಾ, ತಾಪದ ವ್ಯತ್ಯಾಸ, ಈ ಮೂರನ್ನೂ ಗುಣಿಸಿದರೆ ಎಷ್ಟು ಹಿಗ್ಗಿತು ಅನ್ನುವುದು ಸಿಗುತ್ತದೆ. ಆಲ್ಫಾ ಅಂದರೆ ಆ ಲೋಹದ ರೇಖೀಯ ವ್ಯಾಕೋಚನ ಗುಣಾಂಕ. ಕಬ್ಬಿಣಕ್ಕೆ 1.2 × 10⁻⁵, ಹಿತ್ತಾಳೆಗೆ 1.8 × 10⁻⁵, ಅಲ್ಯೂಮಿನಿಯಂಗೆ 2.5 × 10⁻⁵. ಇಲ್ಲಿಯವರೆಗೆ ಎಲ್ಲರಿಗೂ ಬರುತ್ತದೆ. ಲೆಕ್ಕದಲ್ಲಿ ಕೋನ ಕಾಣಿಸಿಕೊಂಡ ತಕ್ಷಣ ಪೆನ್ನು ನಿಲ್ಲುತ್ತದೆ. ತುಮಕೂರಿನಲ್ಲಿ ಸಂಜೆ ಹೊತ್ತು ಪಿಯು ಮಕ್ಕಳಿಗೆ ಪಾಠ ಹೇಳುವ ನನಗೆ ಪ್ರತಿ ಬ್ಯಾಚಿನಲ್ಲೂ ಯಾರಾದರೊಬ್ಬರು ಕೇಳುತ್ತಾರೆ: "ಮೇಡಂ, ಕೋನಕ್ಕೂ ಆಲ್ಫಾ ಹಾಕ್ಬೇಕಾ?"

ಹಾಕಬಾರದು. ಯಾಕೆ ಅನ್ನುವುದು ಗೊತ್ತಾದರೆ ಈ ಜಾತಿಯ ಲೆಕ್ಕಗಳಲ್ಲಿ ಅರ್ಧ ಭಯ ಹೋಗುತ್ತದೆ.

ಕೋನವನ್ನು ರೇಡಿಯನ್‌ನಲ್ಲಿ ಅಳೆಯುವುದು ಹೇಗೆ? ಕಂಸದ ಉದ್ದವನ್ನು ತ್ರಿಜ್ಯದಿಂದ ಭಾಗಿಸುತ್ತೇವೆ. ಒಂದೇ ಲೋಹದ ವಸ್ತು ಎಲ್ಲ ಕಡೆ ಒಂದೇ ಸಮ ಬಿಸಿಯಾದರೆ ಕಂಸವೂ ಹಿಗ್ಗುತ್ತದೆ, ತ್ರಿಜ್ಯವೂ ಅದೇ ಪಾಲಿನಲ್ಲಿ ಹಿಗ್ಗುತ್ತದೆ. ಭಾಗಿಸಿದಾಗ ಹಿಗ್ಗಿದ ಪಾಲು ಮೇಲೆ ಕೆಳಗೆ ಹೊಡೆದುಹೋಗುತ್ತದೆ. ಫೋನಿನಲ್ಲಿ ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿದಾಗ ಆಗುವುದೂ ಇದೇ. ಚಿತ್ರ ದೊಡ್ಡದಾಗುತ್ತದೆ, ಅದರೊಳಗಿನ ಯಾವ ಮೂಲೆಯೂ ಬದಲಾಗುವುದಿಲ್ಲ.

ಇದನ್ನೇ ಪರೀಕ್ಷೆಯಲ್ಲಿ ತಿರುಗಿಸಿ ಕೇಳುತ್ತಾರೆ. ಕಬ್ಬಿಣದ ಒಂದು ಬಳೆ, ಒಂದು ಕಡೆ 10 ಡಿಗ್ರಿಯಷ್ಟು ಬಾಯಿ ಬಿಟ್ಟಿದೆ. ಕಾಯಿಸಿದರೆ ಆ ಸಂದು ಮುಚ್ಚುತ್ತದೋ, ಅಗಲವಾಗುತ್ತದೋ? ಲೋಹ ಹಿಗ್ಗಿ ಸಂದಿನೊಳಕ್ಕೆ ನುಗ್ಗುತ್ತದೆ ಅಂತ ಜಾಸ್ತಿ ಮಕ್ಕಳು ಬರೆಯುತ್ತಾರೆ. ಸಂದೂ ಹಿಗ್ಗುತ್ತದೆ, ಅಲ್ಲಿ ಕಬ್ಬಿಣವೇ ಇದ್ದಿದ್ದರೆ ಎಷ್ಟು ಹಿಗ್ಗುತ್ತಿತ್ತೋ ಅಷ್ಟೇ. ಕೋನ ಮಾತ್ರ 10 ಡಿಗ್ರಿಯಲ್ಲೇ ಇರುತ್ತದೆ. ನಂಬಿಕೆ ಬರದಿದ್ದರೆ ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದನ್ನು ನೆನಪಿಸಿಕೊಳ್ಳಿ. ಬಳೆಯ ಒಳಅಳತೆ ಮರದ ಚಕ್ರಕ್ಕಿಂತ ಚೂರು ಕಮ್ಮಿಯೇ ಇರುತ್ತದೆ. ಬೆಂಕಿಯಲ್ಲಿ ಕಾಯಿಸಿ, ಇಕ್ಕಳದಲ್ಲಿ ಎತ್ತಿ, ಮರದ ಮೇಲೆ ಕೂರಿಸಿ ತಟ್ಟುತ್ತಾರೆ. ಮರ ಸುಟ್ಟು ಹೊಗೆ ಏಳುತ್ತಿರುವಾಗಲೇ ನೀರು ಸುರಿಯುತ್ತಾರೆ. ಒಂದೂವರೆ ಮೀಟರ್ ವ್ಯಾಸದ ಬಳೆ 400 ಡಿಗ್ರಿ ಹೆಚ್ಚಿಗೆ ಕಾದರೆ ವ್ಯಾಸ 7.2 ಮಿ.ಮೀ. ಹಿಗ್ಗುತ್ತದೆ. ಆರಿದಾಗ ಅಷ್ಟೂ ವಾಪಸ್ ಕುಗ್ಗಿ, ಮರವನ್ನು ಬಿಗಿಯಾಗಿ ಹಿಡಿದುಬಿಡುತ್ತದೆ. ತೂತು ಬಿಸಿಯಲ್ಲಿ ಕಿರಿದಾಗುವ ಹಾಗಿದ್ದಿದ್ದರೆ ಈ ಕೆಲಸವೇ ನಡೆಯುತ್ತಿರಲಿಲ್ಲ.

ಹಾಗಾದರೆ ಕೋನ ಬದಲಾಗುವುದು ಯಾವಾಗ? ಹಿಗ್ಗುವಿಕೆ ಎಲ್ಲ ಕಡೆ ಒಂದೇ ಪಾಲಿನಲ್ಲಿ ಇಲ್ಲದಿದ್ದಾಗ. ಒಂದೋ ಎರಡು ಬೇರೆ ಲೋಹ ಇರಬೇಕು. ಇಲ್ಲವೇ ಒಂದೇ ಲೋಹದ ಎರಡು ಭಾಗ ಬೇರೆ ಬೇರೆ ಬಿಸಿ ಇರಬೇಕು. ಅದೂ ಅಲ್ಲದಿದ್ದರೆ ಯಾವುದೋ ಒಂದು ಭಾಗ ಗೋಡೆಗೋ ನೆಲಕ್ಕೋ ಕಟ್ಟಿಹಾಕಿದ ಹಾಗೆ ಇರಬೇಕು. ಲೆಕ್ಕ ಓದಿದ ಮೇಲೆ ಸೂತ್ರ ಬರೆಯುವ ಮೊದಲು ಇವುಗಳಲ್ಲಿ ಯಾವುದು ಅಂತ ಹುಡುಕಿ. ಯಾವುದೂ ಸಿಗದಿದ್ದರೆ ಉತ್ತರ ಸೊನ್ನೆ, ಧೈರ್ಯವಾಗಿ ಬರೆಯಿರಿ.

ಮೊದಲು ಎರಡು ಲೋಹದ ಲೆಕ್ಕ. ಒಂದು ತ್ರಿಕೋನದ ಎರಡು ಕೈ ಕಬ್ಬಿಣದ್ದು, ತಳ ಅಲ್ಯೂಮಿನಿಯಂ. ಮೂರೂ 1 ಮೀಟರ್, ಮೂಲೆಗಳಲ್ಲಿ ಕೀಲು ಇದೆ. ತಾಪಮಾನ 20ರಿಂದ 60 ಡಿಗ್ರಿಗೆ ಏರಿತು. ಮೇಲಿನ ಕೋನ ಎಷ್ಟು ಬದಲಾಯಿತು?

ಚಿತ್ರ ಬರೆದು ನೋಡಿ. ತಳ ಕೈಗಳಿಗಿಂತ ಜಾಸ್ತಿ ಹಿಗ್ಗುತ್ತದೆ, ಹಾಗಾಗಿ ಮೇಲಿನ ಕೋನ ಅಗಲವಾಗಲೇಬೇಕು. ಇಷ್ಟು ಮೊದಲೇ ಗೊತ್ತಿದ್ದರೆ ಕೊನೆಯಲ್ಲಿ ಮೈನಸ್ ಬಂದಾಗ ಎಲ್ಲೋ ಎಡವಿದ್ದು ತಿಳಿಯುತ್ತದೆ. ತುದಿಯಿಂದ ತಳದ ನಡುವಿಗೆ ಗೆರೆ ಎಳೆದರೆ ಅರ್ಧ ಕೋನದ ಸೈನ್ ಅಂದರೆ ತಳ ಭಾಗಿಸು ಎರಡು ಕೈ. ಬಿಸಿಯಾದ ಮೇಲೆ ಕೈ 1.00048 ಮೀಟರ್, ತಳ 1.001 ಮೀಟರ್. ಭಾಗಿಸಿದರೆ 0.50026. ಇಲ್ಲಿ ಒಂದು ಗುಂಡಿ ಇದೆ. ಅಭ್ಯಾಸಬಲದಿಂದ ಮೂರು ದಶಮಾಂಶಕ್ಕೆ ಕತ್ತರಿಸಿದಿರೋ, 0.500 ಆಗುತ್ತದೆ, ಕೋನ ಬದಲಾಗಿಲ್ಲ ಅನ್ನುವ ತಪ್ಪು ಉತ್ತರ ಬರುತ್ತದೆ. ಲೆಕ್ಕದ ಜೀವ ಇರುವುದೇ ನಾಲ್ಕನೇ, ಐದನೇ ದಶಮಾಂಶದಲ್ಲಿ.

ಅದಕ್ಕೇ ಇಂಥ ಕಡೆ ಪೂರ್ತಿ ಉದ್ದಗಳನ್ನು ಬಿಟ್ಟು ಬದಲಾವಣೆಯನ್ನು ಮಾತ್ರ ಹಿಡಿದುಕೊಂಡು ಹೋಗುವುದು ಒಳ್ಳೆಯದು. ತಳ ಮತ್ತು ಕೈಯ ಅನುಪಾತ ಎಷ್ಟು ಪಾಲು ಬದಲಾಗುತ್ತದೆ? ಎರಡು ಆಲ್ಫಾಗಳ ವ್ಯತ್ಯಾಸ ಗುಣಿಸು ತಾಪದ ವ್ಯತ್ಯಾಸ. ಅಂದರೆ 1.3 × 10⁻⁵ ಗುಣಿಸು 40, ಒಟ್ಟು 5.2 × 10⁻⁴. ಅರ್ಧ ಕೋನದ ಸೈನ್ ಕೂಡ ಇಷ್ಟೇ ಪಾಲು ಬದಲಾಗಬೇಕು. ಸೈನ್‌ನ ಅವಕಲನ (ಡಿಫರೆನ್ಸಿಯೇಷನ್) ಕಾಸ್ ಅನ್ನುವುದನ್ನು ಬಳಸಿದರೆ ಹೀಗೆ ಬರುತ್ತದೆ:

ಕೋನದ ಬದಲಾವಣೆ = 2 × ಟ್ಯಾನ್ (ಅರ್ಧ ಕೋನ) × ಆಲ್ಫಾಗಳ ವ್ಯತ್ಯಾಸ × ತಾಪದ ವ್ಯತ್ಯಾಸ

ಟ್ಯಾನ್ 30 ಅಂದರೆ 0.577. ಉತ್ತರ 6.0 × 10⁻⁴. ಇದು ರೇಡಿಯನ್, ಡಿಗ್ರಿ ಅಲ್ಲ. ಅವಕಲನದ ನಿಯಮಗಳೆಲ್ಲ ರೇಡಿಯನ್‌ನಲ್ಲೇ ಸರಿ, ಹಾಗಾಗಿ ಅಲ್ಲಿಂದ ಬಂದ ಕೋನವೂ ರೇಡಿಯನ್‌ನಲ್ಲೇ ಇರುತ್ತದೆ. 57.3ರಿಂದ ಗುಣಿಸಿದರೆ 0.034 ಡಿಗ್ರಿ, ಅಂದರೆ ಸುಮಾರು 2 ಕಲೆ (ಒಂದು ಡಿಗ್ರಿಗೆ 60 ಕಲೆ). ಕೆಳಗಿನ ಎರಡು ಕೋನಗಳು ತಲಾ 1 ಕಲೆ ಕಮ್ಮಿಯಾಗಿರುತ್ತವೆ, ಯಾಕೆಂದರೆ ಮೂರೂ ಸೇರಿ 180 ಆಗಲೇಬೇಕು. ಮತ್ತೊಂದು ಪರೀಕ್ಷೆಯನ್ನೂ ಮಾಡಿ ನೋಡಿ. ಸೂತ್ರದಲ್ಲಿ ಎರಡೂ ಆಲ್ಫಾ ಒಂದೇ ಅಂತ ಇಟ್ಟರೆ ಬದಲಾವಣೆ ಸೊನ್ನೆಯಾಗುತ್ತದೆ. ಬಳೆಯ ವಿಷಯದಲ್ಲಿ ನೋಡಿದ್ದೂ ಇದೇ ಅಲ್ವಾ?

ಇದೇ ತ್ರಿಕೋನದ ಮೇಲೆ ಪ್ರವೇಶ ಪರೀಕ್ಷೆಯವರಿಗೆ ಪ್ರೀತಿಯ ಇನ್ನೊಂದು ಪ್ರಶ್ನೆ ಇದೆ. ತಳ ಮತ್ತು ಕೈಯ ಉದ್ದ ಯಾವ ಅನುಪಾತದಲ್ಲಿದ್ದರೆ ತುದಿಯಿಂದ ತಳದ ನಡುವಿಗೆ ಇರುವ ಎತ್ತರ ಬಿಸಿಯಲ್ಲೂ ಬದಲಾಗುವುದಿಲ್ಲ? ಕೈಗಳು ಹಿಗ್ಗಿ ತುದಿಯನ್ನು ಮೇಲಕ್ಕೆ ತಳ್ಳುತ್ತವೆ, ತಳ ಹಿಗ್ಗಿ ಕೆಳಕ್ಕೆ ಎಳೆಯುತ್ತದೆ, ಎರಡೂ ಸಮವಾಗಬೇಕು. ಪೈಥಾಗೊರಸ್ ಹಾಕಿ ಬಿಡಿಸಿದರೆ ಕೈ ವರ್ಗ ಗುಣಿಸು ಕಬ್ಬಿಣದ ಆಲ್ಫಾ, ಅರ್ಧ ತಳದ ವರ್ಗ ಗುಣಿಸು ಅಲ್ಯೂಮಿನಿಯಂನ ಆಲ್ಫಾ, ಇವೆರಡೂ ಸಮ ಅಂತ ಬರುತ್ತದೆ. ತಳ ಕೈಯ 1.39 ಪಟ್ಟು ಇರಬೇಕು. ಗಮನಿಸಿ, ಎತ್ತರ ಹಾಗೇ ಉಳಿದರೂ ಕೋನ ಬದಲಾಗುತ್ತಲೇ ಇರುತ್ತದೆ.

ನೆಲಕ್ಕೆ ಕಟ್ಟಿಹಾಕಿದ ಲೆಕ್ಕಕ್ಕೆ ಪಾವಗಡದ ಕಡೆ ಹೋಗೋಣ. ನಮ್ಮ ಜಿಲ್ಲೆಯ ಈ ತಾಲ್ಲೂಕಿನಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಒಂದು ಫಲಕ ಮುಂದೆ ಗಿಡ್ಡ ಕಾಲು, ಹಿಂದೆ ಉದ್ದ ಕಾಲಿನ ಮೇಲೆ 14 ಡಿಗ್ರಿ ಓರೆಯಾಗಿ ನಿಂತಿದೆ ಅಂದುಕೊಳ್ಳಿ. ಕಾಲುಗಳು ಉಕ್ಕಿನವು, ಅವು 30 ಡಿಗ್ರಿ ಬಿಸಿಯಾದವು. ಕಾಲುಗಳ ನಡುವಿನ ನೆಲ ಹಿಗ್ಗಲಿಲ್ಲ, ಫಲಕ ಕ್ಲಾಂಪಿನಲ್ಲಿ ಚೂರು ಜಾರುವ ಹಾಗಿದೆ ಅಂತಲೂ ಇಟ್ಟುಕೊಳ್ಳೋಣ. ಎತ್ತರದ ವ್ಯತ್ಯಾಸ ಮಾತ್ರ ಹಿಗ್ಗಿತು, ತಳ ಹಾಗೇ ಉಳಿಯಿತು. ಓರೆಯ ಟ್ಯಾನ್ ಅಷ್ಟೇ ಪಾಲು ಹೆಚ್ಚುತ್ತದೆ. ಬಿಡಿಸಿದರೆ ಕೋನದ ಬದಲಾವಣೆ = ಸೈನ್ × ಕಾಸ್ × ಆಲ್ಫಾ × ತಾಪದ ವ್ಯತ್ಯಾಸ, ಅಂದರೆ 8.5 × 10⁻⁵ ರೇಡಿಯನ್, 0.005 ಡಿಗ್ರಿಗೂ ಕಮ್ಮಿ. ಸೂರ್ಯ ಆಕಾಶದಲ್ಲಿ ಗಂಟೆಗೆ 15 ಡಿಗ್ರಿಯಂತೆ ಸರಿಯುತ್ತಾನೆ. ಅವನು ಸುಮಾರು ಒಂದು ಸೆಕೆಂಡಿನಲ್ಲಿ ದಾಟುವ ಕೋನ ಇದು. ವಿದ್ಯುತ್ ಉತ್ಪಾದನೆಗೆ ಇದರಿಂದ ಏನೂ ಆಗುವುದಿಲ್ಲ. ಉತ್ತರ ಬಂದ ಮೇಲೆ ಹೀಗೆ ಗೊತ್ತಿರುವ ಯಾವುದಾದರೂ ಅಳತೆಯ ಪಕ್ಕ ಇಟ್ಟು ನೋಡುವ ಅಭ್ಯಾಸ ಮಾಡಿಕೊಳ್ಳಿ, ಹತ್ತರ ಘಾತದಲ್ಲಿ ತಪ್ಪಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಇಷ್ಟು ನೋಡಿದವರಿಗೆ ವ್ಯಾಕೋಚನದಿಂದ ಆಗುವ ಕೋನ ಯಾವಾಗಲೂ ಸಣ್ಣದೇ ಅನ್ನಿಸಬಹುದು. ಈಗ ರೈಲು ಹಳಿಯ ಲೆಕ್ಕ ನೋಡಿ. ನನಗೆ ಈ ಪಾಠದಲ್ಲಿ ಎಲ್ಲಕ್ಕಿಂತ ಇಷ್ಟವಾದ ಲೆಕ್ಕ ಇದು.

10 ಮೀಟರ್ ಉದ್ದದ ಹಳಿ. ಎರಡೂ ತುದಿ ಅಲ್ಲಾಡದ ಹಾಗೆ ಬಿಗಿದಿದೆ. ನಡುವೆ ಒಂದು ಕೀಲು ಇದೆ ಅಂತ ಇಟ್ಟುಕೊಳ್ಳಿ. 30 ಡಿಗ್ರಿ ಬಿಸಿಯಾಯಿತು. ಹಳಿ ಹಿಗ್ಗುವುದು ಬರೀ 3.6 ಮಿ.ಮೀ. ತುದಿಗಳು ಜಾಗ ಕೊಡುವುದಿಲ್ಲ, ಹಾಗಾಗಿ ನಡುಭಾಗ ಎದ್ದು ನಿಲ್ಲಬೇಕು. ಎಷ್ಟು ಎತ್ತರಕ್ಕೆ? ಸುಮ್ನೆ ಒಂದು ಊಹೆ ಮಾಡಿ ಅಂದರೆ ಕ್ಲಾಸಿನಲ್ಲಿ ಯಾರೂ ಒಂದು ಸೆಂಟಿಮೀಟರ್ ದಾಟುವುದಿಲ್ಲ.

ಅರ್ಧ ಹಳಿಯನ್ನು ಮಾತ್ರ ನೋಡಿ. ಲಂಬಕೋನ ತ್ರಿಕೋನ, ತಳ 5 ಮೀಟರ್, ಕರ್ಣ 5.0018 ಮೀಟರ್. ಕರ್ಣದ ವರ್ಗದಿಂದ ತಳದ ವರ್ಗ ಕಳೆದರೆ 0.018. ಅದರ ವರ್ಗಮೂಲ 0.134 ಮೀಟರ್. ಅಂದರೆ 13.4 ಸೆಂಟಿಮೀಟರ್! ಅಂಗೈ ಚಾಚಿದಷ್ಟು ಎತ್ತರ ಬಂತು, ಹಿಗ್ಗಿದ್ದು ಮಾತ್ರ ನಾಲ್ಕು ಮಿಲಿಮೀಟರ್‌ಗೂ ಕಮ್ಮಿ. ಕೋನ 1.54 ಡಿಗ್ರಿ. ತ್ರಿಕೋನದ ಲೆಕ್ಕದಲ್ಲಿ ಸಿಕ್ಕಿದ್ದಕ್ಕಿಂತ 40 ಪಟ್ಟಿಗೂ ಜಾಸ್ತಿ, ಅದೂ ತಾಪದ ವ್ಯತ್ಯಾಸ ಅಲ್ಲಿಗಿಂತ ಕಮ್ಮಿ ಇರುವಾಗ.

ಹೀಗೇಕೆ? ಮೊದಲಿನ ಲೆಕ್ಕದಲ್ಲಿ ಕೋನ ಆಲ್ಫಾ ಗುಣಿಸು ತಾಪದ ವ್ಯತ್ಯಾಸಕ್ಕೆ ಅನುಪಾತದಲ್ಲಿತ್ತು. ಇಲ್ಲಿ ಅದರ ವರ್ಗಮೂಲಕ್ಕೆ ಅನುಪಾತದಲ್ಲಿದೆ. ಸೊನ್ನೆ ಡಿಗ್ರಿಯ ಹತ್ತಿರ ಕಾಸ್‌ನ ಬೆಲೆ ಹೆಚ್ಚುಕಮ್ಮಿ ಅಲ್ಲಾಡುವುದೇ ಇಲ್ಲ. ಕಾಸ್ 0 ಅಂದರೆ 1, ಕಾಸ್ 1.54 ಡಿಗ್ರಿ ಅಂದರೆ 0.99964. ನೇರವಾಗಿ ಮಲಗಿರುವ ಸರಳು ಚೂರು ಓರೆಯಾದರೆ ಅದರ ಅಡ್ಡಳತೆ ಕಮ್ಮಿಯಾಗುವುದು ತೀರಾ ಸ್ವಲ್ಪ. ಹಾಗಾಗಿ ಹೆಚ್ಚಾದ 3.6 ಮಿ.ಮೀ.ಯನ್ನು ಅಡಗಿಸಿಕೊಳ್ಳಬೇಕಾದರೆ ಹಳಿ ತುಂಬಾ ಓರೆಯಾಗಲೇಬೇಕು. 3.6 × 10⁻⁴ ಸಣ್ಣ ಸಂಖ್ಯೆ. ಅದರ ದುಪ್ಪಟ್ಟಿನ ವರ್ಗಮೂಲ 0.027, ಅಷ್ಟು ಸಣ್ಣದಲ್ಲ. ಇದರಿಂದ ಇನ್ನೊಂದು ವಿಚಿತ್ರವೂ ಹುಟ್ಟುತ್ತದೆ. ತಾಪದ ವ್ಯತ್ಯಾಸ ಕಾಲು ಭಾಗ, ಅಂದರೆ 7.5 ಡಿಗ್ರಿ ಮಾತ್ರ ಇದ್ದರೆ ಎತ್ತರ ಕಾಲು ಭಾಗಕ್ಕೆ ಇಳಿಯುವುದಿಲ್ಲ, ಅರ್ಧಕ್ಕೆ ಇಳಿಯುತ್ತದೆ. ಮೊದಲ ಕೆಲವು ಡಿಗ್ರಿಗಳೇ ಜಾಸ್ತಿ ಕೆಲಸ ಮಾಡುತ್ತವೆ. ಇಲ್ಲಿ ಅವಕಲನದ ದಾರಿ ಹಿಡಿದರೂ ಕೈಕೊಡುತ್ತದೆ, ಯಾಕೆಂದರೆ ಶುರುವಿನ ಕೋನವೇ ಸೊನ್ನೆ. ಪೈಥಾಗೊರಸ್ ಹಿಡಿದೇ ಹೋಗಬೇಕು.

ನಡುವೆ ಕೀಲು ಇಟ್ಟಿದ್ದು ಲೆಕ್ಕದ ಅನುಕೂಲಕ್ಕೆ. ಕೀಲಿಲ್ಲದೆ ನುಣುಪಾಗಿ ಬಾಗಿದರೂ ನಡು ಸುಮಾರು 12 ಸೆಂ.ಮೀ. ಸರಿಯುತ್ತದೆ. ನಿಜವಾದ ಹಳಿ ಜಾಸ್ತಿಯಾಗಿ ಮೇಲಕ್ಕಲ್ಲ, ಪಕ್ಕಕ್ಕೆ ಹಾವಿನಂತೆ ಹೊರಳುತ್ತದೆ. ಹಿಂದೆ ತುಂಡು ಹಳಿಗಳ ನಡುವೆ ಸಂದು ಬಿಡುತ್ತಿದ್ದರು. ಈಗ ಬಹಳ ಕಡೆ ಉದ್ದಕ್ಕೂ ಬೆಸುಗೆ ಹಾಕಿರುತ್ತಾರೆ. ಸ್ಲೀಪರ್ ಮತ್ತು ಜಲ್ಲಿ ಸೇರಿ ಹಳಿಯನ್ನು ಹಿಗ್ಗಲು ಬಿಡುವುದಿಲ್ಲ, ಹಿಗ್ಗಬೇಕಾದ್ದೆಲ್ಲ ಒಳಗೆ ಒತ್ತಡವಾಗಿ ಉಳಿಯುತ್ತದೆ. ಉಕ್ಕಿನ ಯಂಗ್ ಗುಣಾಂಕ (ಹಿಗ್ಗಿಸುವುದಕ್ಕೆ, ಕುಗ್ಗಿಸುವುದಕ್ಕೆ ಲೋಹ ತೋರುವ ವಿರೋಧದ ಅಳತೆ) ಪ್ರತಿ ಚದರ ಮೀಟರ್‌ಗೆ 2 × 10¹¹ ನ್ಯೂಟನ್ ಅಂತ ಹಾಕಿದರೆ 30 ಡಿಗ್ರಿಗೆ ಪ್ರತಿ ಚದರ ಮಿ.ಮೀ.ಗೆ 72 ನ್ಯೂಟನ್. ಮೀಟರಿಗೆ 60 ಕೆ.ಜಿ. ತೂಗುವ ಹಳಿಯ ಅಡ್ಡಕೊಯ್ತ ಸುಮಾರು 7,690 ಚದರ ಮಿ.ಮೀ. ಅಂದರೆ ಒಂದೊಂದು ಹಳಿಯಲ್ಲೂ ಐದೂವರೆ ಲಕ್ಷ ನ್ಯೂಟನ್, ಸುಮಾರು 56 ಟನ್ ತೂಕದಷ್ಟು ಬಲ. ಇದರಲ್ಲಿ ಹಳಿಯ ಉದ್ದ ಇಲ್ಲ ಅನ್ನುವುದನ್ನು ಗಮನಿಸಿ. 10 ಮೀಟರ್ ಇದ್ದರೂ ಅಷ್ಟೇ, ತುಮಕೂರಿನಿಂದ ಬೆಂಗಳೂರಿನವರೆಗೆ ಇದ್ದರೂ ಅಷ್ಟೇ. ಬೇಸಿಗೆಯ ಮಧ್ಯಾಹ್ನ ಹಳಿ ನೋಡಿಕೊಂಡು ನಡೆಯುವವರು ಜಲ್ಲಿ ಸರಿದುಹೋಗಿದೆಯಾ ಅಂತ ಕಣ್ಣಿಟ್ಟಿರುವುದು ಇದಕ್ಕೇ.

ಮುಂದಿನದು ಎರಡು ಲೋಹದ ಪಟ್ಟಿ. ಇಸ್ತ್ರಿ ಪೆಟ್ಟಿಗೆಯಲ್ಲಿ ಬಿಸಿ ಸಾಕಾದಾಗ 'ಟಿಕ್' ಅಂತ ಕರೆಂಟು ಕಡಿಯುವುದು ಇದೇ. ಹಿತ್ತಾಳೆ, ಕಬ್ಬಿಣದ ಎರಡು ತೆಳು ಪಟ್ಟಿಗಳನ್ನು ಒಂದರ ಮೇಲೊಂದು ಬೆಸೆದಿದ್ದಾರೆ, ಒಂದೊಂದೂ ಅರ್ಧ ಮಿ.ಮೀ. ದಪ್ಪ, ಉದ್ದ 10 ಸೆಂ.ಮೀ. 40 ಡಿಗ್ರಿ ಬಿಸಿಯಾದಾಗ ಎಷ್ಟು ಕೋನ ಬಾಗುತ್ತದೆ? ಹಿತ್ತಾಳೆ ಕಬ್ಬಿಣಕ್ಕಿಂತ 0.024 ಮಿ.ಮೀ. ಜಾಸ್ತಿ ಉದ್ದವಾಗಬೇಕು. ಬೆಸೆದಿರುವುದರಿಂದ ಬೇರೆ ದಾರಿಯಿಲ್ಲದೆ ಎರಡೂ ಕಂಸಗಳಾಗುತ್ತವೆ, ಹಿತ್ತಾಳೆ ಹೊರಗಡೆ. ಎರಡಕ್ಕೂ ಕೇಂದ್ರದ ಕೋನ ಒಂದೇ, ತ್ರಿಜ್ಯದಲ್ಲಿ ಮಾತ್ರ ಅರ್ಧ ಮಿ.ಮೀ. ವ್ಯತ್ಯಾಸ. ಹಾಗಾಗಿ ಉದ್ದದ ವ್ಯತ್ಯಾಸವನ್ನು ನಡುವಿನ ಅಂತರದಿಂದ ಭಾಗಿಸಿದರೆ ಕೋನ ಸಿಗುತ್ತದೆ: 0.024 ಭಾಗಿಸು 0.5, ಅಂದರೆ 0.048 ರೇಡಿಯನ್, 2.75 ಡಿಗ್ರಿ. ಬಿಡಿಯಾಗಿರುವ ತುದಿ 2.4 ಮಿ.ಮೀ. ಸರಿಯುತ್ತದೆ. ಕಣ್ಣಿಗೆ ಕಾಣದ ವ್ಯತ್ಯಾಸ ನೂರು ಪಟ್ಟಾಗಿ ಸ್ವಿಚ್ಚನ್ನು ತಳ್ಳುವಷ್ಟಾಯಿತು. ಪಟ್ಟಿ ತೆಳುವಾದಷ್ಟೂ ಕೋನ ಜಾಸ್ತಿ ಅನ್ನುವುದೂ ಇದರಲ್ಲೇ ಕಾಣುತ್ತದೆ. ನಿಜದಲ್ಲಿ ಒಂದೊಂದು ಪಟ್ಟಿಯೂ ತಾನು ಬಾಗುವುದಕ್ಕೆ ವಿರೋಧ ತೋರುತ್ತದೆ, ಅದರಿಂದ ಇದಕ್ಕಿಂತ ಸುಮಾರು ಕಾಲು ಭಾಗ ಕಮ್ಮಿ ಬಾಗುತ್ತದೆ. 1925ರಲ್ಲಿ ಟಿಮೊಶೆಂಕೊ ಅನ್ನುವ ಎಂಜಿನಿಯರ್ ಈ ಲೆಕ್ಕವನ್ನು ಪೂರ್ತಿ ಮಾಡಿ ತೋರಿಸಿದರು. ಪಿಯು ಮಟ್ಟಕ್ಕೆ ಸರಳ ಸೂತ್ರ ಸಾಕು.

ಬಿಸಿಗೆ ಹೆಚ್ಚುಕಮ್ಮಿ ಹಿಗ್ಗದ ಲೋಹವೇ ಇಲ್ವಾ ಅಂತ ಇಲ್ಲಿ ಕೇಳುತ್ತಾರೆ. ಇದೆ. ಕಬ್ಬಿಣಕ್ಕೆ ನಿಕ್ಕಲ್ ಬೆರೆಸಿದ ಇನ್ವಾರ್ ಅನ್ನುವ ಮಿಶ್ರಲೋಹ, ಅದರ ಆಲ್ಫಾ ಕಬ್ಬಿಣದ ಆಲ್ಫಾದ ಸುಮಾರು ಹತ್ತನೇ ಒಂದು ಪಾಲು. 1896ರಲ್ಲಿ ಅದನ್ನು ಕಂಡುಹಿಡಿದ ಗಿಯೋಮ್ ಅವರಿಗೆ 1920ರ ಫಿಸಿಕ್ಸ್ ನೊಬೆಲ್ ಬಂತು. ಎಚ್‌ಎಂಟಿ ವಾಚ್ ಕಾರ್ಖಾನೆ ಇದ್ದ ಊರಿನವರು ನಾವು, ಒಳ್ಳೆಯ ಗಡಿಯಾರಕ್ಕೆ ಇಂಥ ಲೋಹ ಎಷ್ಟು ಮುಖ್ಯ ಅನ್ನುವುದನ್ನು ಬಿಡಿಸಿ ಹೇಳಬೇಕಿಲ್ಲ.

ಕೋನ ಮತ್ತು ವ್ಯಾಕೋಚನ ಎರಡೂ ಸೇರಿ ದೊಡ್ಡ ಕೆಲಸಕ್ಕೆ ಬಂದದ್ದು ಭೂಮಾಪನದಲ್ಲಿ. 1802ರಲ್ಲಿ ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನಲ್ಲಿ ಏಳೂವರೆ ಮೈಲಿಯ ಒಂದು ಗೆರೆ ಅಳೆದು ಭಾರತದ ತ್ರಿಕೋನ ಮಾಪನ ಶುರು ಮಾಡಿದರು. ಆ ತ್ರಿಕೋನಗಳು ಮೈಸೂರು ಸೀಮೆಯನ್ನು ದಾಟಿ ಮಂಗಳೂರಿನ ಕಡಲವರೆಗೆ ಹೋದವು. ಉದ್ದ ಅಳೆಯಲು ಅವರ ಹತ್ತಿರ 100 ಅಡಿಯ ಉಕ್ಕಿನ ಸರಪಳಿ ಇತ್ತು. ತಾಪಮಾನದಲ್ಲಿ 10 ಡಿಗ್ರಿ ತಪ್ಪಿದರೆ ಒಂದು ಸರಪಳಿಗೆ 3.7 ಮಿ.ಮೀ. ತಪ್ಪು. ಅಂಥವು 400 ಸಲ ಹಾಕಿದಾಗ ಸುಮಾರು ಒಂದೂವರೆ ಮೀಟರ್. ಅದಕ್ಕೇ ಸರಪಳಿಯ ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು, ನೆರಳು ಮಾಡಿ ಅಳೆದರು. ಕೋನ ಅಳೆಯುವ ಥಿಯೊಡಲೈಟ್‌ನಲ್ಲಿ 36 ಅಂಗುಲದ ಲೋಹದ ವೃತ್ತ ಇತ್ತು. ಅದು ಒಂದೇ ಸಮ ಬಿಸಿಯಾದರೆ ಗೀಟುಗಳ ನಡುವಿನ ಅಂತರ ಹಿಗ್ಗುತ್ತದೆ, ಡಿಗ್ರಿ ಮಾತ್ರ ತಪ್ಪುವುದಿಲ್ಲ. ಒಂದು ಪಕ್ಕಕ್ಕೆ ಮಾತ್ರ ಬಿಸಿಲು ಬಿದ್ದರೆ ತಪ್ಪುತ್ತದೆ. ಉದ್ದ ಒಂದು ಸಲ ಕಷ್ಟಪಟ್ಟು ಅಳೆದು, ಮುಂದೆಲ್ಲ ಬೆಟ್ಟದಿಂದ ಬೆಟ್ಟಕ್ಕೆ ಕೋನವನ್ನೇ ಅಳೆಯುತ್ತಾ ಹೋಗುವ ಈ ವಿಧಾನಕ್ಕೆ ಬಿಸಿಲ ನಾಡಿನಲ್ಲಿ ಅದೊಂದು ದೊಡ್ಡ ಅನುಕೂಲ.

ಲ್ಯಾಂಬ್ಟನ್ ಆದಮೇಲೆ ಈ ಮಾಪನದ ಹೊಣೆ ಹೊತ್ತ ಜಾರ್ಜ್ ಎವರೆಸ್ಟ್ ಅವರು ಸರಪಳಿಯನ್ನು ಬಿಟ್ಟು, ಬ್ರಿಟಿಷ್ ಭೂಮಾಪಕ ಕೋಲ್ಬಿಯ ಸರಳುಗಳನ್ನು ತಂದರು. ಕೋಲ್ಬಿ ಅವನ್ನು ಐರ್ಲೆಂಡಿನ ಮಾಪನಕ್ಕೆ ಅಂತ ಮಾಡಿದ್ದರು. 10 ಅಡಿಯ ಒಂದು ಕಬ್ಬಿಣದ ಸರಳು, ಒಂದು ಹಿತ್ತಾಳೆಯ ಸರಳು, ಪಕ್ಕಪಕ್ಕದಲ್ಲಿ, ನಡುವಿನಲ್ಲಿ ಮಾತ್ರ ಜೋಡಿಸಿದ್ದು. ಎರಡೂ ತುದಿಯಲ್ಲಿ ಸರಳುಗಳಿಗೆ ಅಡ್ಡವಾಗಿ ಒಂದೊಂದು ನಾಲಿಗೆ, ಎರಡು ಸರಳಿಗೂ ಕೀಲು ಹಾಕಿ ಕೂರಿಸಿದ್ದು. ಬಿಸಿಯಾದಾಗ ಹಿತ್ತಾಳೆಯ ಕೀಲು ಜಾಸ್ತಿ ಮುಂದೆ ಹೋಗುತ್ತದೆ, ನಾಲಿಗೆ ಓರೆಯಾಗುತ್ತದೆ. ಆ ಓರೆಯಲ್ಲಿ ನಾಲಿಗೆಯ ಮೇಲಿನ ಒಂದು ಬಿಂದು ಮಾತ್ರ ಮುಂದಕ್ಕೂ ಹೋಗುವುದಿಲ್ಲ, ಹಿಂದಕ್ಕೂ ಬರುವುದಿಲ್ಲ. ಅಲ್ಲಿ ಒಂದು ಚುಕ್ಕೆ ಇಟ್ಟರು.

ಚುಕ್ಕೆ ಎಲ್ಲಿ ಅನ್ನುವುದನ್ನು ನಾವೇ ಲೆಕ್ಕ ಹಾಕೋಣ. ಸರಳನ್ನು 3 ಮೀಟರ್ ಅಂತ ಇಟ್ಟುಕೊಳ್ಳಿ, ನಡುವಿನಿಂದ ತುದಿಗೆ 1.5 ಮೀಟರ್. 10 ಡಿಗ್ರಿ ಏರಿದಾಗ ಕಬ್ಬಿಣದ ತುದಿ 0.18 ಮಿ.ಮೀ., ಹಿತ್ತಾಳೆಯ ತುದಿ 0.27 ಮಿ.ಮೀ. ಮುಂದೆ ಹೋಗುತ್ತವೆ. ವ್ಯತ್ಯಾಸ 0.09. ಎರಡು ಕೀಲುಗಳ ನಡುವೆ 4 ಸೆಂ.ಮೀ. ಇದ್ದರೆ ನಾಲಿಗೆಯ ಕೋನ 0.09 ಭಾಗಿಸು 40, ಅಂದರೆ 0.00225 ರೇಡಿಯನ್, ಸುಮಾರು 7.7 ಕಲೆ. ಇಸ್ತ್ರಿ ಪೆಟ್ಟಿಗೆಯ ಪಟ್ಟಿಗೆ ಹಾಕಿದ ಭಾಗಾಕಾರವೇ ಇದು. ಈಗ ಕಬ್ಬಿಣದ ಕೀಲಿನಿಂದ ಹಿತ್ತಾಳೆಯ ವಿರುದ್ಧ ದಿಕ್ಕಿಗೆ ನಡೆಯಿರಿ. ಪ್ರತಿ ಮಿ.ಮೀ.ಗೆ 0.00225 ಮಿ.ಮೀ. ಹಿಂದಕ್ಕೆ ಬೀಳುತ್ತೀರಿ. 0.18 ಪೂರ್ತಿ ಕಳೆಯಲು 80 ಮಿ.ಮೀ. ಬೇಕು. ಚುಕ್ಕೆ ಕಬ್ಬಿಣದಿಂದ 8 ಸೆಂ.ಮೀ. ದೂರದಲ್ಲಿರಬೇಕು. 10 ಡಿಗ್ರಿಯ ಬದಲು 20 ಹಾಕಿ ನೋಡಿ, ಕೋನ ದುಪ್ಪಟ್ಟಾಗುತ್ತದೆ, ಚುಕ್ಕೆ ಅಲ್ಲೇ ಇರುತ್ತದೆ. ಸರಳಿನ ಉದ್ದವನ್ನೂ ಬದಲಾಯಿಸಿ ನೋಡಬಹುದು.

ಹಿತ್ತಾಳೆಯ ಜಾಗದಲ್ಲಿ ಅಲ್ಯೂಮಿನಿಯಂ ಹಾಕಿದರೆ ಚುಕ್ಕೆ ಎಲ್ಲಿಗೆ ಬರುತ್ತದೆ? ಇದನ್ನು ನೀವೇ ಮಾಡಿ. ಕಬ್ಬಿಣದಿಂದ 3.7 ಸೆಂ.ಮೀ. ಅಂತ ಬರಬೇಕು.